ಖಂಡಸ್ಫುಟಿತಜೀರ್ಣೋದ್ಧಾರ: ಉಕ್ಕಿನ ಬೆಸುಗೆಯ ಚರಿತ್ರೆ

ಕನ್ನಡನಾಡಿನ ಶಾಸನಗಳನ್ನು ಓದುವವರಿಗೆ ಒಂದು ಸಮಾಸಪದವು ಮೇಲಿಂದ ಮೇಲೆ ಎದುರಾಗುವದು. ಅರಸನಾಗಲಿ ದಂಡನಾಯಕನಾಗಲಿ ದೇವಾಲಯವೊಂದಕ್ಕೆ ಭೂಮಿಯನ್ನು ಬಿಡುವಾಗ, ಅದರ ಉತ್ಪನ್ನವು ದೇವರ ಅಂಗಭೋಗ ರಂಗಭೋಗಗಳಿಗೂ, ತಪೋಧನರ ಆಹಾರದಾನಕ್ಕೂ, ಅವುಗಳೊಡನೆ ಖಂಡಸ್ಫುಟಿತಜೀರ್ಣೋದ್ಧಾರಕ್ಕೂ ಸಲ್ಲತಕ್ಕದ್ದೆಂದು ಬರೆಯಿಸುವ ಪದ್ಧತಿಯಿದ್ದಿತು. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಸವೆದು ಹಳತಾದದ್ದು. ಇವನ್ನು ಮರಳಿ ಎತ್ತಿ ನಿಲ್ಲಿಸುವದೇ ಉದ್ಧಾರವು. ಗುಡಿಯ ಗೋಡೆಯ ಸುಣ್ಣವಿನ್ನೂ ಆರದಿರುವಾಗಲೇ ಅದು ಒಂದು ದಿನ ಬಿರಿಯುವದೆಂದು ಒಪ್ಪಿಕೊಂಡು, ಆ ದಿನಕ್ಕಾಗಿ ದತ್ತಿಯನ್ನು ಕಟ್ಟಿಡುವ ಈ ವಿವೇಕವು ನಮ್ಮ ಪೂರ್ವಿಕರಲ್ಲಿ ಎಷ್ಟು ಸಹಜವಾಗಿದ್ದಿತೆಂದರೆ, ಅದು ಶಾಸನಗಳಲ್ಲಿ ಕೇವಲ ರೂಢಿಯ ಮಾತಾಗಿ ಹೋಯಿತು.

ಖಾನಾಪುರ ತಾಲ್ಲೂಕಿನ ನಂದಗಡವನ್ನು ನಾಡಿನವರು ಬಲ್ಲದ್ದು 1831ರಲ್ಲಿ ಸಂಗೊಳ್ಳಿ ರಾಯಣ್ಣನು ಪ್ರಾಣವನ್ನರ್ಪಿಸಿದ ಸ್ಥಳವೆಂದು. ಅದರ ನೆರೆಯಲ್ಲಿಯೇ ಇರುವ ಹಲಸಿಯು ಪಲಾಶಿಕೆಯೆಂಬ ಹೆಸರಿನಿಂದ ಕದಂಬರ ರಾಜಧಾನಿಗಳಲ್ಲೊಂದಾಗಿದ್ದಿತು. ಆ ಅರಸರ ತಾಮ್ರಪಟಗಳು ಅಲ್ಲಿ ದೊರೆತಿವೆ. ಇದೇ ಸೀಮೆಯ ತೆಂಕಣ ಅಡವಿಗಳಲ್ಲಿ ಬಿದ್ದ ಮಳೆಯ ಒಂದು ಪಾಲು ಲೋಂಡೆಯ ಬಳಿಯಲ್ಲಿ ಹರಿಯುವ ಪಾಂಡರಿ ಹೊಳೆಯ ಮೂಲಕ ಕಾಳೀ ನದಿಯನ್ನು ಸೇರಿ, ಸೂಪಾ ಅಣೆಕಟ್ಟಿನ ಹಿಂದೆ ನಿಂತು, ದಾಂಡೇಲಿಯ ಆಚೆಯ ನಾಗಝರಿಯ ವಿದ್ಯುದಾಗಾರದಲ್ಲಿ ಉಕ್ಕಿನ ಚಕ್ರಗಳನ್ನು ತಿರುಗಿಸುವದು. ಗುಡಿಯ ಕಲ್ಲು ಬಿರಿಯುವಂತೆಯೇ ಈ ಚಕ್ರಗಳ ಉಕ್ಕೂ ಬಿರಿಯುವದು, ಸವೆಯುವದು. ಅದರ ಖಂಡಸ್ಫುಟಿತವನ್ನು ಸರಿಪಡಿಸುವ ವಿದ್ಯೆಯೇ ಬೆಸುಗೆ, ಅಂದರೆ ಇಂದಿನ ಮಾತಿನಲ್ಲಿ ವೆಲ್ಡಿಂಗ್. ಬಿರುಕನ್ನು ಮುಚ್ಚುವದು ಒಂದು, ಕೂಡಿಸುವದು ಇನ್ನೊಂದು. ಈ ಎರಡರ ಭೇದವನ್ನು ಮನುಷ್ಯನು ಬಹಳ ಬೆಲೆ ತೆತ್ತು ಕಲಿತ ಬಗೆಯನ್ನು ವಾಚಕರ ಮುಂದಿಡುವದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಬೆಸುಗೆಯೆಂಬ ಮಾತು ಕನ್ನಡದಲ್ಲಿ ಹೊಸದಲ್ಲ. ಲೋಹಗಳು ಒಂದಾಗುವದಕ್ಕೂ ಮನಸ್ಸುಗಳು ಒಂದಾಗುವದಕ್ಕೂ ನಮ್ಮಲ್ಲಿ ಬೆಸೆ ಎಂಬ ಒಂದೇ ಧಾತುವಿದೆ. ಊರ ಕಂಬಾರನು ಬಂಡಿಯ ಗಾಲಿಗೆ ತೊಡಿಸುವ ಕಬ್ಬಿಣದ ಪಟ್ಟಿಯ ಎರಡು ತುದಿಗಳನ್ನು ಬಡಿದು ತೆಳ್ಳಗೆ ಮಾಡಿ, ಒಂದರ ಮೇಲೊಂದಿಟ್ಟು, ಕುಲುಮೆಯ ಇದ್ದಿಲಿನಲ್ಲಿ ಹುಗಿದು ತಿದಿಯನ್ನೊತ್ತುವನು. ಕಬ್ಬಿಣವು ಕೆಂಪಾಗಿ, ಹಳದಿಯಾಗಿ, ಕಡೆಗೆ ಕಣ್ಣು ಕೋರೈಸುವ ಬೆಳ್ಪನ್ನು ತಾಳುವದು. ಆಗ ಅವನು ಅದರ ಮೇಲೆ ನುಣ್ಣನೆಯ ಮರಳನ್ನು ಉದುರಿಸುವನು. ಕಾದ ಕಬ್ಬಿಣದ ಮೈಮೇಲೆ ಗಾಳಿಯಿಂದ ಕಟ್ಟಿಕೊಂಡ ಕಿಟ್ಟವು ಮರಳಿನೊಡನೆ ಕೂಡಿ ಕರಗಿ ಗಾಜಿನ ರಸದಂತಾಗುವದು. ಒಡನೆಯೇ ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದರೆ ಆ ರಸವು ಹೊರಕ್ಕೆ ಚಿಮ್ಮಿ, ಒಳಗಿನ ಶುದ್ಧವಾದ ಎರಡು ಮೈಗಳು ಒಂದನ್ನೊಂದು ಹಿಡಿದುಕೊಳ್ಳುವವು. ಕಾವು ಕಡಿಮೆಯಾದರೆ ಹಿಡಿಯದು. ಹೆಚ್ಚಾದರೆ ಕಬ್ಬಿಣವೇ ಕಿಡಿಕಿಡಿಯಾಗಿ ಉರಿದುಹೋಗುವದು. ಕುಲುಮೆಯಿಂದ ಅಡಿಗಲ್ಲಿಗೆ ತರುವಷ್ಟರಲ್ಲಿ ಕೆಲವು ನಿಮಿಷಾರ್ಧಗಳ ವಿಲಂಬವಾದರೂ ಕೆಲಸವು ಕೆಟ್ಟಂತೆಯೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಿಟ್ಟದ ಒಂದು ಪದರು ನಡುವೆ ಉಳಿದುಬಿಟ್ಟರೂ ಹೊರಗಿನಿಂದ ನೋಡುವವರಿಗೆ ಪಟ್ಟಿಯು ಕೂಡಿದಂತೆಯೇ ಕಾಣುವದು. ಅದಕ್ಕಾಗಿ ಕಂಬಾರನು ಕಣ್ಣನ್ನು ನಂಬದೆ, ಕುಂಬಾರನ ಗಡಿಗೆಯನ್ನು ಕೊಳ್ಳುವ ಹೆಂಗಸು ಬೆರಳಿನಿಂದ ಬಾರಿಸಿ ನೋಡುವಂತೆ, ಪಟ್ಟಿಯನ್ನು ಬಾರಿಸಿ ಅದರ ನಾದವನ್ನು ಕೇಳುತ್ತಿದ್ದನು. ಅವನು ಊರ ಆಯಗಾರರಲ್ಲೊಬ್ಬನು. ಸುಗ್ಗಿಯಲ್ಲಿ ಕಣದಿಂದ ಆಯವನ್ನು ಪಡೆಯುವವನು. ಸುಮಾರಾದ ಬೆಸುಗೆಯು ಘಟ್ಟದ ದಾರಿಯಲ್ಲಿ ಬಿಟ್ಟು ಬಂಡಿಯುರುಳಿದರೆ ಮರುದಿನ ಆ ರೈತನ ಮೋರೆಯನ್ನೇ ಅವನು ನೋಡಬೇಕಾಗಿದ್ದಿತು. ಬೆಸುಗೆಯ ಒಳಗಿನ ಸತ್ಯಕ್ಕೆ ಈ ನೆರೆಹೊರೆಯೇ ಜಾಮೀನಾಗಿದ್ದಿತು.

ಈ ವಿದ್ಯೆಯು ನಮ್ಮ ದೇಶದಲ್ಲಿ ಎಷ್ಟು ಎತ್ತರಕ್ಕೇರಿದ್ದಿತೆಂಬದಕ್ಕೆ ದಿಲ್ಲಿಯ ಕಬ್ಬಿಣದ ಕಂಬವು ಸಾಕ್ಷಿಯಾಗಿ ನಿಂತಿದೆ. ಗುಪ್ತರ ಕಾಲದ ಆ ಕಂಬವು ಸುಮಾರು 7 ಮೀಟರು ಉದ್ದವಿದ್ದು, 6 ಟನ್ನಿಗೂ ಹೆಚ್ಚು ಭಾರವಾಗಿದೆ. ಅದನ್ನು ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ. ಕಾದ ಕಬ್ಬಿಣದ ಮುದ್ದೆಗಳನ್ನು ಒಂದಕ್ಕೊಂದು ಬಡಿದು ಬೆಸೆದು ಬೆಳೆಸಿದ್ದು. ನಮ್ಮ ನಾಡಿನ ಕೊಡಚಾದ್ರಿಯ ಮೇಲೆಯೂ ಕುಲುಮೆಯ ಕಬ್ಬಿಣದ ಕಂಬವೊಂದಿದೆ. ಉಕ್ಕಿಗೆ ಹದ ಕೊಡುವ ವಿಷಯದಲ್ಲಿ ಸುಶ್ರುತಸಂಹಿತೆಯು ಶಸ್ತ್ರವೈದ್ಯನ ಆಯುಧಗಳಿಗೆ ಕ್ಷಾರ, ಉದಕ, ತೈಲಗಳಲ್ಲಿ ಮೂರು ಬಗೆಯ ಪಾಯನವನ್ನು ಹೇಳಿರುವದು ಪ್ರಸಿದ್ಧವಾಗಿದೆ. ಕಾದ ಉಕ್ಕು ಎಷ್ಟು ಬೇಗ ತಣಿಯುವದೋ ಅದರ ಮೇಲೆ ಅದರ ಗುಣವು ನಿಲ್ಲುವದೆಂಬ ಮರ್ಮವು ಆ ವೈದ್ಯರಿಗೆ ಗೊತ್ತಿದ್ದಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ವಿದ್ಯುದಾಗಾರದಲ್ಲಿ ಇದೇ ಮರ್ಮವು ಮರಳಿ ಬರಲಿದೆ.

ಆದರೆ ಕುಲುಮೆಯ ಬೆಸುಗೆಗೆ ಎರಡು ಮಿತಿಗಳಿದ್ದವು. ಮುರಿದ ವಸ್ತುವನ್ನು ಬೆಂಕಿಯ ಬಳಿಗೆ ಒಯ್ಯಬೇಕು. ಮತ್ತು ಅದು ಬಡಿತವನ್ನು ತಾಳುವಂತಹದಾಗಿರಬೇಕು. 19ನೆಯ ಶತಮಾನದಲ್ಲಿ ಬಂದ ಯಂತ್ರಗಳಾದರೋ ಈ ಎರಡಕ್ಕೂ ಒಗ್ಗದವು. ಬೆಳಗಾವಿ ಜಿಲ್ಲೆಯ ಗೋಕಾವಿಯಲ್ಲಿ ಘಟಪ್ರಭೆಯು ಸುಮಾರು 52 ಮೀಟರು ಎತ್ತರದಿಂದ ಧುಮ್ಮಿಕ್ಕುವ ಸ್ಥಳದಲ್ಲಿ, ಆ ನೀರಿನ ಬಲದಿಂದ 1887ರಲ್ಲಿ ನೂಲಿನ ಗಿರಣಿಯು ನಡೆಯತೊಡಗಿತು. 1902ರಲ್ಲಿ ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಹುಟ್ಟಿಸಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳಿಸಿತು. ಅಲ್ಲಿಯ ಜಲಚಕ್ರಗಳೂ ವಿದ್ಯುದ್ಯಂತ್ರಗಳೂ ಯುರೋಪು ಅಮೇರಿಕೆಗಳಿಂದ ಹಡಗಿನಲ್ಲಿ ಬಂದವು. ಅಂತಹ ಯಂತ್ರದ ಒಂದು ಅಂಗವು ಮುರಿದರೆ ಅದನ್ನು ಕುಲುಮೆಗೆ ಹೊತ್ತೊಯ್ಯುವಂತಿರಲಿಲ್ಲ. ಎರಕದ ಕಬ್ಬಿಣವಾದರೆ ಸುತ್ತಿಗೆಯ ಪೆಟ್ಟಿಗೆ ಒಡೆದೇ ಹೋಗುವದು. ಬದಲಿಯ ಅಂಗವು ಸಮುದ್ರವನ್ನು ದಾಟಿ ಬರಲು ತಿಂಗಳುಗಳೇ ಬೇಕು. ಆದಕಾರಣ ಇದ್ದಲ್ಲಿಯೇ ಸರಿಪಡಿಸುವ ಉಪಾಯವು ದೂರದ ನಾಡುಗಳಿಗೆ ಅತ್ಯಾವಶ್ಯಕವಾಯಿತು.

ಸರಿಪಡಿಸುವ ಕೈಗಳಿಂದ ನಿರ್ಮಿಸುವ ಕೈಗಳು ಹುಟ್ಟುವವೆಂಬದಕ್ಕೆ ಬೆಳಗಾವಿಯಲ್ಲಿಯೇ ದೃಷ್ಟಾಂತವಿದೆ. ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿಯನ್ನು ತೆರೆದರು. ಆ ಸಣ್ಣ ಅಂಗಡಿಯಿಂದಲೇ ಮೇವು ಕತ್ತರಿಸುವ ಯಂತ್ರವೂ ಕಬ್ಬಿಣದ ನೇಗಿಲೂ ಹೊರಬಿದ್ದವು. ಕಬ್ಬಿಣದ ನೇಗಿಲಿನಿಂದ ನೆಲಕ್ಕೆ ವಿಷವೇರುವದೆಂದು ರೈತರು ಮೊದಲು ಅಂಜಿದರು. 1910ರಲ್ಲಿ ಆ ಕಾರಖಾನೆಯು ಔಂಧ ಸಂಸ್ಥಾನದ ಕುಂಡಲ ರೋಡಿಗೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಕಬ್ಬಿಣವನ್ನು ಎರಕ ಹೊಯ್ಯುವ ಕಸುಬು ಬೆಳಗಾವಿಯಲ್ಲಿ ಮುಂದೆ ಹಬ್ಬಿ ಇಂದಿಗೂ ಬೆಳೆದುನಿಂತಿದೆ.

ಬೆಸುಗೆಯಿಲ್ಲದ ಆ ಕಾಲದಲ್ಲಿ ಯಂತ್ರಗಳ ಬಿರುಕಿಗೆ ತೇಪೆಯೊಂದೇ ಗತಿಯಾಗಿದ್ದಿತು. ಬಿರುಕಿನ ಮೇಲೆ ತಗಡನ್ನಿಟ್ಟು ಸುತ್ತಲೂ ತೂತು ಕೊರೆದು ರಿವೆಟ್ಟುಗಳನ್ನು ಬಡಿಯುವರು. ಹರಿದ ಅಂಗಿಗೆ ತೇಪೆ ಹಚ್ಚಿದರೆ ಮಾನ ಉಳಿದೀತು. ಉಗಿಯ ಬಾಯ್ಲರಿಗೆ ಹಚ್ಚಿದ ತೇಪೆಯ ಹಿಂದೆ ಕುದಿಯುವ ನೀರಿನ ಅಪಾರವಾದ ಒತ್ತಡವಿರುವದು. ಅಮೇರಿಕೆಯ ಮಿಸಿಸಿಪಿ ನದಿಯಲ್ಲಿ ಸಂಚರಿಸುತ್ತಿದ್ದ ಸುಲ್ತಾನಾ ಎಂಬ ಉಗಿದೋಣಿಯ ಬಾಯ್ಲರು 1865ರ ಏಪ್ರಿಲ್‌ನಲ್ಲಿ ಸೋರತೊಡಗಿತು. ಅಂತರ್ಯುದ್ಧವು ಮುಗಿದು ಸೆರೆಯಿಂದ ಬಿಡುಗಡೆಯಾದ ಸೈನಿಕರು ಮನೆಗೆ ಹೋಗಲು ಕಾದಿದ್ದರು. ಅವರನ್ನು ಸಾಗಿಸಿದರೆ ತಲೆಗಿಷ್ಟೆಂದು ಹಣವು ದೊರೆಯುತ್ತಿದ್ದಿತು. ಪೂರ್ಣವಾದ ದುರಸ್ತಿಗೆ ದಿನಗಳು ಬೇಕೆಂದು ಕಂಡಾಗ, ಮೂಲದ ತಗಡಿಗಿಂತ ತೆಳ್ಳನೆಯದೊಂದು ತೇಪೆಯನ್ನು ಅವಸರದಿಂದ ಹಚ್ಚಲಾಯಿತು. 376 ಜನರಿಗೆ ಮಾತ್ರ ಅನುಮತಿಯಿದ್ದ ಆ ದೋಣಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರು ತುಂಬಿದರು. ಏಪ್ರಿಲ್ 27ರ ಅಪರಾತ್ರಿಯಲ್ಲಿ ಬಾಯ್ಲರುಗಳು ಸಿಡಿದು ಸಾವಿರಕ್ಕೂ ಹೆಚ್ಚು ಜನರು ಬೆಂದು ಮುಳುಗಿ ಸತ್ತರು. ಅನರ್ಥದ ಕಾರಣಗಳಲ್ಲಿ ಆ ತೇಪೆಯೂ ಒಂದೆಂದು ಎಣಿಸಲ್ಪಟ್ಟಿದೆ. ಊರ ಕಂಬಾರನಿಗಿದ್ದ ನೆರೆಹೊರೆಯ ಜಾಮೀನು ಇಲ್ಲಿ ಇಲ್ಲದಾಗಿದ್ದಿತು. ತೇಪೆ ಹಚ್ಚಿದವನೊಬ್ಬನು, ಅವಸರ ಮಾಡಿದವನಿನ್ನೊಬ್ಬನು, ಸತ್ತವರು ಮತ್ತೊಬ್ಬರು.

ನಮ್ಮ ದೇಶದಲ್ಲಿಯೂ 1863ರಲ್ಲಿ ಕಲಕತ್ತೆಯಲ್ಲಿ ಬಾಯ್ಲರೊಂದು ಸಿಡಿದು ಪ್ರಾಣಹಾನಿಯಾದದ್ದರಿಂದ, ಮರುವರ್ಷವೇ ಬಂಗಾಲದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯಿದೆಯಾಯಿತು. ಇತರ ಪ್ರಾಂತಗಳ ಬೇರೆ ಬೇರೆ ಕಾಯಿದೆಗಳನ್ನು ಒಂದುಗೂಡಿಸಿ 1923ರಲ್ಲಿ ಇಡೀ ದೇಶಕ್ಕೆ ಒಂದೇ ಬಾಯ್ಲರು ಕಾಯಿದೆಯು ಬಂದಿತು. ಅದರ ಸ್ಥಾನದಲ್ಲಿ 2025ರಲ್ಲಿ ಹೊಸ ಕಾಯಿದೆಯು ಬಂದಿದೆ. ಮೇಲಧಿಕಾರಿಯ ಅನುಮತಿಯಿಲ್ಲದೆ ಬಾಯ್ಲರಿನ ಅಂಗಗಳಲ್ಲಿ ಬದಲಾವಣೆಯನ್ನಾಗಲಿ ದುರಸ್ತಿಯನ್ನಾಗಲಿ ಮಾಡಕೂಡದೆಂಬದು ಈ ಕಾಯಿದೆಗಳ ಸಾರಗಳಲ್ಲೊಂದು. ಇಲ್ಲದೆ ಹೋದ ನೆರೆಹೊರೆಯ ಸ್ಥಾನದಲ್ಲಿ ರಾಜ್ಯವೇ ಬಂದು ನಿಂತಿತೆನ್ನಬಹುದು.

ಇಷ್ಟರಲ್ಲಿ ಬೆಂಕಿಯನ್ನೇ ಮುರಿದ ವಸ್ತುವಿನ ಬಳಿಗೆ ಒಯ್ಯುವ ಉಪಾಯವು ಸಿದ್ಧವಾಗುತ್ತಲಿದ್ದಿತು. ಎರಡು ಇದ್ದಿಲ ಕಡ್ಡಿಗಳ ನಡುವೆ ವಿದ್ಯುತ್ತು ಹಾರುವಾಗ ಸೂರ್ಯನಂತಹ ಪ್ರಭೆಯುಂಟಾಗುವದೆಂಬದನ್ನು ಇಂಗ್ಲಂಡಿನ ಹಂಫ್ರಿ ಡೇವಿಯು 19ನೆಯ ಶತಮಾನದ ಆದಿಯಲ್ಲಿಯೇ ತೋರಿಸಿದ್ದನು. ಈ ವಿದ್ಯುಚ್ಚಾಪದ ತಾಪದಿಂದ ಲೋಹವನ್ನು ಕರಗಿಸಿ ಬೆಸೆಯುವ ಕ್ರಮವನ್ನು ರಶಿಯದ ಬೆನಾರ್ಡೋಸನೂ ಪೋಲಂಡಿನ ಓಲ್ಶೆವ್‌ಸ್ಕಿಯೂ 1880ರ ದಶಕದಲ್ಲಿ ಕಂಡುಹಿಡಿದರು. ರಶಿಯದ ಸ್ಲಾವ್ಯಾನೋವನು 1888ರಲ್ಲಿ ಇದ್ದಿಲ ಕಡ್ಡಿಯನ್ನು ಬಿಟ್ಟು ಲೋಹದ ಕಡ್ಡಿಯನ್ನೇ ಹಿಡಿದನು. ಕಡ್ಡಿಯು ತಾನೇ ಕರಗಿ ಬಿರುಕನ್ನು ತುಂಬತೊಡಗಿತು. ಆದರೂ ಬರಿಯ ಕಡ್ಡಿಯ ಬೆಸುಗೆಯು ಒರಟಾಗಿ, ಒಳಗೆ ತೂತುತೂತಾಗಿ, ಪೆಡಸಾಗುತ್ತಿದ್ದಿತು. ಕರಗಿದ ಉಕ್ಕು ಗಾಳಿಯಲ್ಲಿಯ ಪ್ರಾಣವಾಯು ಸಾರಜನಕಗಳನ್ನು ಹೀರಿಕೊಳ್ಳುವದೇ ಇದಕ್ಕೆ ಕಾರಣ.

ಈ ದೋಷಕ್ಕೆ ಪರಿಹಾರವು ದೊರೆತದ್ದು ದುರಸ್ತಿಯ ಕೆಲಸದಿಂದಲೇ ಎಂಬದು ಗಮನಾರ್ಹವಾಗಿದೆ. ಸ್ವೀಡನ್ನಿನ ಆಸ್ಕರ್ ಷೆಲ್‌ಬರ್ಗ್ ಎಂಬ ಎಂಜಿನಿಯರನು ಹಡಗುಗಳ ಬಾಯ್ಲರುಗಳಲ್ಲಿ ಸೋರುವ ರಿವೆಟ್ಟುಗಳನ್ನೂ ಬಿರುಕುಗಳನ್ನೂ ನೋಡಿ ಬೇಸತ್ತವನು. 1904ರಲ್ಲಿ ಗೋಥೆನ್‌ಬರ್ಗಿನಲ್ಲಿ ತನ್ನ ಸಂಸ್ಥೆಯನ್ನು ಸ್ಥಾಪಿಸಿ, ಕೆಲವೇ ವರ್ಷಗಳಲ್ಲಿ ಉಕ್ಕಿನ ಕಡ್ಡಿಗೆ ಖನಿಜಗಳ ಲೇಪವನ್ನು ಕೊಡುವ ಕ್ರಮವನ್ನು ಬಳಕೆಗೆ ತಂದನು. ಆ ಲೇಪವು ಉರಿಯುವಾಗ ಹುಟ್ಟುವ ಹೊಗೆಯು ಕರಗಿದ ಉಕ್ಕಿನ ಸುತ್ತಲೂ ಮರೆಯಾಗಿ ನಿಂತು ಗಾಳಿಯನ್ನು ತಡೆಯುವದು. ಕರಗಿದ ಕಿಟ್ಟವು ಮೇಲೆ ತೇಲಿ ಹೊದಿಕೆಯಾಗುವದು. ನಮ್ಮ ಕಂಬಾರನು ಉದುರಿಸಿದ ಮರಳಿನ ಕೆಲಸವನ್ನೇ ಇಲ್ಲಿ ಲೇಪವು ಮಾಡುತ್ತಿದ್ದಿತೆಂದು ಬಲ್ಲವರಿಗೆ ತಿಳಿಯದಿರದು.

ಈ ವಿದ್ಯೆಯು ಲೋಕಕ್ಕೆ ಪ್ರಕಟವಾದದ್ದು ಮೊದಲನೆಯ ಮಹಾಯುದ್ಧದಲ್ಲಿ. 1917ರಲ್ಲಿ ಅಮೇರಿಕೆಯು ಯುದ್ಧಕ್ಕಿಳಿದಾಗ, ಅಲ್ಲಿಯ ರೇವುಗಳಲ್ಲಿ ತಡೆಹಿಡಿಯಲ್ಪಟ್ಟಿದ್ದ ಜರ್ಮನ್ ಹಡಗುಗಳ ನಾವಿಕರು ತಮ್ಮ ಯಂತ್ರಗಳನ್ನು ತಾವೇ ಒಡೆದುಹಾಕಿದ್ದರು. ಎರಕದ ಕಬ್ಬಿಣದ ದೊಡ್ಡ ಸಿಲಿಂಡರುಗಳನ್ನು ಮರಳಿ ಹೊಯ್ಯಿಸಲು ಬಹುಕಾಲವು ಬೇಕಾಗುವದೆಂದು ಒಡೆದವರ ಎಣಿಕೆಯಾಗಿದ್ದಿತು. ಅಮೇರಿಕದವರು ವಿದ್ಯುತ್ತಿನ ಬೆಸುಗೆಯಿಂದ ಅವನ್ನು ಕೂಡಿಸಿ ಕೆಲವೇ ತಿಂಗಳುಗಳಲ್ಲಿ ಹಡಗುಗಳನ್ನು ನಡೆಯಿಸಿದರು. ಅಂದಿನಿಂದ ಬೆಸುಗೆಯ ಮೇಲೆ ಜನರಿಗೆ ಭರವಸೆಯು ಬಂದಿತು. ಕೆಲವರಿಗೆ ಅತಿಭರವಸೆಯೂ ಬಂದಿತು.

ಆ ಅತಿಭರವಸೆಗೆ ಪೆಟ್ಟು ಬಿದ್ದದ್ದು ಎರಡನೆಯ ಮಹಾಯುದ್ಧದಲ್ಲಿ. 1943ರ ಜನವರಿ 16ರಂದು ಅಮೇರಿಕೆಯ ಪೋರ್ಟ್‌ಲಂಡಿನ ಕಟ್ಟೆಗೆ ಕಟ್ಟಿದ್ದ ಶೆನೆಕ್ಟಡಿ ಎಂಬ ಹೊಸ ಎಣ್ಣೆಯ ಹಡಗು, ಶಾಂತವಾದ ನೀರಿನಲ್ಲಿ, ಸಿಡಿಲಿನಂತಹ ಸದ್ದಿನೊಡನೆ ನಡುವೆ ಸೀಳಿಹೋಯಿತು. ರಿವೆಟ್ಟು ಬಡಿದ ಹಡಗಿನಲ್ಲಿ ಒಂದು ತಗಡಿನ ಬಿರುಕು ಅದರ ಅಂಚಿಗೆ ಬಂದು ನಿಲ್ಲುತ್ತಿದ್ದಿತು. ಬೆಸೆದ ಹಡಗಾದರೋ ಒಂದೇ ಮೈ. ಬೆಸುಗೆಯ ಒಂದು ದೋಷದಿಂದ ಹೊರಟ ಬಿರುಕಿಗೆ ತಡೆಯೇ ಇಲ್ಲ. ಚಳಿಯಲ್ಲಿ ಆ ಕಾಲದ ಉಕ್ಕು ಗಾಜಿನಂತೆ ಪೆಡಸಾಗುವದೆಂಬದು ಕೇಂಬ್ರಿಜಿನ ಕಾನ್ಸ್‌ಟನ್ಸ್ ಟಿಪ್ಪರ್ ಎಂಬ ವಿದುಷಿಯ ಸಂಶೋಧನೆಯಿಂದ ಸ್ಪಷ್ಟವಾಯಿತು. ಹೊರಗೆ ನಯವಾಗಿ ಕಾಣುವ ಬೆಸುಗೆಯ ಒಳಗೆ ಸಾವು ಅಡಗಿರಬಹುದೆಂದು ಹಡಗು ಕಟ್ಟುವವರೆಲ್ಲರೂ ಆಗ ತಿಳಿದರು.

ಇನ್ನು ನಮ್ಮ ವಿದ್ಯುದಾಗಾರಗಳ ಕಡೆಗೆ ಬರೋಣ. ಜೋಗದ ಬಳಿಯ ವಿದ್ಯುದಾಗಾರವು 1948ರಲ್ಲಿ ನಡೆಯತೊಡಗಿತು. ಈಗ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿದೆ. 1964ರಿಂದ ಒಂದೊಂದಾಗಿ ಸಿದ್ಧವಾದ ಶರಾವತಿಯ 10 ಯಂತ್ರಗಳ ಸಾಮರ್ಥ್ಯವು 1035 ಮೆಗಾವ್ಯಾಟು. ನಾಗಝರಿಯ 6 ಯಂತ್ರಗಳು 1979ರಿಂದ 1984ರ ವರೆಗೆ ಚಾಲನೆಗೆ ಬಂದವು. ಜೋಗ ಶರಾವತಿಗಳಲ್ಲಿ ಪೆಲ್ಟನ್ ಚಕ್ರಗಳಿವೆ. ಅವುಗಳ ಅಂಚಿನ ಸುತ್ತಲೂ ಜೋಡು ಬೊಗಸೆಯಂತಹ ಪಾತ್ರೆಗಳಿದ್ದು, ನೀರಿನ ಧಾರೆಯು ಅವುಗಳಿಗೆ ಒಂದಾದ ಮೇಲೊಂದರಂತೆ ಬಡಿಯುವದು. ಒಂದೊಂದು ಸುತ್ತಿಗೂ ಪೆಟ್ಟು ತಿನ್ನುವ ಪಾತ್ರೆಯ ಬುಡದಲ್ಲಿ ಕೋಟ್ಯವಧಿ ಪೆಟ್ಟುಗಳ ತರುವಾಯ ಕೂದಲೆಳೆಯಷ್ಟು ಬಿರುಕು ಹುಟ್ಟುವದು. ನಾಗಝರಿಯಲ್ಲಿರುವವು ಫ್ರಾನ್ಸಿಸ್ ಚಕ್ರಗಳು. ಇಂತಹ ಚಕ್ರಗಳೊಳಗೆ ನೀರು ವೇಗದಿಂದ ತಿರುಗುವಾಗ ಅದರ ಒತ್ತಡವು ಕೆಲವೆಡೆಗಳಲ್ಲಿ ತೀರ ಇಳಿದು, ನೀರಿನಲ್ಲಿ ಆವಿಯ ಗುಳ್ಳೆಗಳು ಹುಟ್ಟುವವು. ಒತ್ತಡವು ಮರಳಿ ಏರಿದೊಡನೆ ಅವು ಒಳಕ್ಕೆ ಕುಸಿಯುವವು. ಆ ಕುಸಿತದ ಪೆಟ್ಟು ಎಷ್ಟು ತೀಕ್ಷ್ಣವೆಂದರೆ ಉಕ್ಕಿನ ಮೈಯು ಗೆದ್ದಲು ತಿಂದ ಮರದಂತೆ ಗುಳಿಗುಳಿಯಾಗುವದು. ಮಳೆಗಾಲದ ಹೊಳೆಯು ಹೊತ್ತು ತರುವ ಮರಳೂ ಚಕ್ರಗಳನ್ನು ಸವೆಯಿಸುವದು.

ಇಂತಹ ಚಕ್ರವನ್ನು ಸರಿಪಡಿಸುವ ಕ್ರಮವನ್ನು ನೋಡಿದರೆ, ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಳ್ಳುವದು ಕೆಲಸದ ಆದಿಯಲ್ಲವೆಂದು ತಿಳಿಯುವದು. ಮೊದಲು ಯಂತ್ರವನ್ನು ನಿಲ್ಲಿಸಿ, ನೀರನ್ನು ತಡೆದು, ಚಕ್ರವನ್ನು ತೊಳೆಯುವರು. ಅನಂತರ ಕೆಂಪು ಬಣ್ಣದ ದ್ರವವನ್ನು ಹಚ್ಚಿ ಒರೆಯಿಸಿ, ಮೇಲೆ ಬಿಳಿಯ ಪುಡಿಯನ್ನು ಲೇಪಿಸಿದರೆ, ಬಿರುಕಿನೊಳಗೆ ಇಳಿದಿದ್ದ ಕೆಂಪು ಮರಳಿ ಮೇಲಕ್ಕೆ ಬಂದು ಕಣ್ಣಿಗೆ ಕಾಣದ ಬಿರುಕನ್ನು ಬರೆದು ತೋರಿಸುವದು. ಬಳಿಕ ಆ ಬಿರುಕನ್ನು ತುದಿಮೊದಲಾಗಿ ಅಗೆದು ತೆಗೆಯುವರು. ಒಂದೆಳೆಯಷ್ಟು ಉಳಿದರೂ ಹೊಸ ಲೋಹದ ಕೆಳಗೆ ಅದು ಮರಳಿ ಬೆಳೆಯುವದು. ಕೀವನ್ನು ತೆಗೆಯದೆ ಗಾಯವನ್ನು ಹೊಲಿದ ವೈದ್ಯನ ಕೆಲಸವಾಗುವದು. ಚಕ್ರಗಳಿಗೆ ಬಹುಮಟ್ಟಿಗೆ ಬಳಸುವ ಉಕ್ಕಿನಲ್ಲಿ ನೂರಕ್ಕೆ 13 ಪಾಲು ಕ್ರೋಮಿಯವೂ 4 ಪಾಲು ನಿಕ್ಕಲವೂ ಇರುವವು. ಅದಕ್ಕೆ ಹೊಂದುವ ಕಡ್ಡಿಯನ್ನೇ ಆರಿಸಬೇಕು.

ಇಲ್ಲಿಯೇ ಸುಶ್ರುತನ ಪಾಯನದ ಮರ್ಮವು ಬರುವದು. ತಣ್ಣನೆಯ ದೊಡ್ಡ ಚಕ್ರದ ಮೇಲೆ ಕರಗಿದ ಉಕ್ಕಿನ ಹನಿಯು ಬಿದ್ದರೆ, ಸುತ್ತಲಿನ ಲೋಹವು ಅದರ ಕಾವನ್ನು ಒಮ್ಮೆಲೇ ಹೀರಿಕೊಳ್ಳುವದು. ನೀರಿನಲ್ಲಿ ಅದ್ದಿದ ಕುಡುಗೋಲಿನಂತೆ ಬೆಸುಗೆಯ ಅಂಚು ಗಡುಸಾಗಿ ಪೆಡಸಾಗುವದು. ಆದುದರಿಂದ ಬೆಸೆಯುವದಕ್ಕೆ ಮೊದಲೇ ಆ ಭಾಗವನ್ನು ಸುಮಾರು 100ರಿಂದ 150 ಡಿಗ್ರಿಯ ವರೆಗೆ ಕಾಯಿಸಿ, ಕೆಲಸವು ಮುಗಿಯುವ ವರೆಗೆ ಆ ಕಾವನ್ನು ಕಾಯ್ದುಕೊಳ್ಳುವರು. ಎರಡನೆಯ ವೈರಿಯು ತೇವ. ಕಡ್ಡಿಯ ಲೇಪದಲ್ಲಿ ತೇವವಿದ್ದರೆ ಅದರ ಜಲಜನಕವು ಕರಗಿದ ಉಕ್ಕಿನಲ್ಲಿ ಸೇರಿಕೊಂಡು, ಬೆಸುಗೆಯು ತಣಿದು ಕೆಲವು ಗಂಟೆಗಳೋ ದಿನಗಳೋ ಕಳೆದ ಮೇಲೆ ಒಳಗಿನಿಂದಲೇ ಬಿರುಕನ್ನು ಹುಟ್ಟಿಸುವದು. ಸಂಜೆಗೆ ಎಲ್ಲರೂ ನೋಡಿ ಮೆಚ್ಚಿದ ಬೆಸುಗೆಯು ಇರುಳಿನಲ್ಲಿ, ಯಾರೂ ಇಲ್ಲದಾಗ, ಬಿರಿಯುವದು. ಇದಕ್ಕಾಗಿ ಕಡ್ಡಿಗಳನ್ನು 300 ಡಿಗ್ರಿಗೂ ಮೇಲ್ಪಟ್ಟ ಕಾವಿನಲ್ಲಿ ಒಣಗಿಸಿ, ಬಿಸಿಯಾದ ಪೆಟ್ಟಿಗೆಯಲ್ಲಿಟ್ಟು, ಒಂದೊಂದಾಗಿ ತೆಗೆದು ಬಳಸುವರು. ಖಾನಾಪುರ ಸೂಪೆಗಳ ಮಳೆಗಾಲವನ್ನು ಕಂಡವರಿಗೆ ಈ ಎಚ್ಚರಿಕೆಯ ಅವಶ್ಯಕತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಲೋಹವನ್ನು ತೆಳ್ಳಗೆ ಪದರುಪದರಾಗಿ ತುಂಬಬೇಕು. ಚಕ್ರವು ಸೊಟ್ಟಾಗದಂತೆ ಒಮ್ಮೆ ಈ ಬದಿಗೆ, ಒಮ್ಮೆ ಎದುರು ಬದಿಗೆ ಬೆಸೆಯಬೇಕು. ಕಡೆಗೆ ಮಸೆದು ಮೊದಲಿನ ಆಕಾರಕ್ಕೆ ತಂದು, ತೂಕವು ಸಮನಾಗಿದೆಯೇ ಎಂದು ಪರೀಕ್ಷಿಸಬೇಕು.

ರಾಯಚೂರಿನ ಬಳಿಯ ಶಕ್ತಿನಗರದ ಉಷ್ಣವಿದ್ಯುದಾಗಾರದಲ್ಲಿ ಕಷ್ಟವು ಬೇರೆ ಬಗೆಯದು. 1985ರಲ್ಲಿ ಆರಂಭವಾದ ಅದರ 8 ಯಂತ್ರಗಳ ಸಾಮರ್ಥ್ಯವು 1720 ಮೆಗಾವ್ಯಾಟು. ಇಂತಹ ಸ್ಥಾವರಗಳ ಬಾಯ್ಲರಿನೊಳಗೆ ಸಾವಿರಾರು ಉಕ್ಕಿನ ಕೊಳವೆಗಳಲ್ಲಿ ನೀರು ಉಗಿಯಾಗಿ, ಸುಮಾರು 540 ಡಿಗ್ರಿಯ ಕಾವನ್ನು ಪಡೆಯುವದು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯು ಬಹಳ. ಹೊಗೆಯೊಡನೆ ಹಾರುವ ಆ ಬೂದಿಯು ಕೊಳವೆಗಳ ಮೈಯನ್ನು ಉಜ್ಜುತ್ತ ಬರುವದು. ಒಂದು ಕೊಳವೆಯು ತೂತಾದರೆ ಅದರಿಂದ ಚಿಮ್ಮುವ ಉಗಿಯು ನೆರೆಯ ಕೊಳವೆಗಳನ್ನೂ ಕೊರೆಯುವದು. ಇಡೀ ಯಂತ್ರವನ್ನೇ ನಿಲ್ಲಿಸಬೇಕಾಗುವದು. ಬೆಸುಗೆಗಾರನು ಇಕ್ಕಟ್ಟಿನಲ್ಲಿ ನುಸುಳಿ, ಕೆಲವೊಮ್ಮೆ ಕೊಳವೆಯ ಹಿಂಬದಿಯನ್ನು ಕನ್ನಡಿಯಲ್ಲಿ ನೋಡುತ್ತ ಬೆಸೆಯುವನು. ಹೊರಗೆ ನಾಡೆಲ್ಲ ವಿದ್ಯುತ್ತಿಗಾಗಿ ಕಾದಿರುವದು. ಯಂತ್ರವು ನಿಂತ ಪ್ರತಿಯೊಂದು ಗಂಟೆಯೂ ನಷ್ಟದ ಲೆಕ್ಕಕ್ಕೆ ಸೇರುವದು. ಸುಲ್ತಾನಾ ದೋಣಿಯ ಅವಸರವು ಇಲ್ಲಿಯೂ ಬಾಗಿಲಲ್ಲಿ ನಿಂತು ಕರೆಯುತ್ತಿರುವದು.

ಆಯುರ್ವೇದವು ವ್ಯಾಧಿಗಳನ್ನು ಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಂಗಡಿಸುವದು. ಗುಣವಾಗುವದು ಸಾಧ್ಯವು, ಪಥ್ಯೌಷಧಗಳಿಂದ ಹಿಡಿದು ನಿಲ್ಲಿಸಬಹುದಾದದ್ದು ಯಾಪ್ಯವು, ಕೈಬಿಡತಕ್ಕದ್ದು ಅಸಾಧ್ಯವು. ಈ ವಿವೇಚನೆಯಿಲ್ಲದ ವೈದ್ಯನು ಯಶಸ್ಸನ್ನು ಕಳೆದುಕೊಳ್ಳುವನು. ಬಿರಿದ ಉಕ್ಕನ್ನು ಪರೀಕ್ಷಿಸುವ ಎಂಜಿನಿಯರನ ಮುಂದೆಯೂ ಇದೇ ಮೂರು ದಾರಿಗಳಿವೆ. ಕೆಲವು ಬಿರುಕುಗಳನ್ನು ಪೂರ್ಣವಾಗಿ ಗುಣಪಡಿಸಬಹುದು. ಕೆಲವನ್ನು ಮುಂದಿನ ನಿಲುಗಡೆಯ ವರೆಗೆ ಮಾತ್ರ ಹಿಡಿದಿಡಬಹುದು. ಆದರೆ ಅವು ಯಾಪ್ಯವೆಂಬದನ್ನು ದಫ್ತರದಲ್ಲಿ ಬರೆದಿಟ್ಟು ಮತ್ತೆ ಮತ್ತೆ ನೋಡುತ್ತಿರಬೇಕು. ಬಹುಕಾಲ ಕಾದು ದಣಿದು ಒಳಗೆಲ್ಲ ಜೀರ್ಣವಾದ ಉಕ್ಕು ಬೆಸುಗೆಯನ್ನು ಹಿಡಿಯದು. ಅದನ್ನು ತೆಗೆದು ಹೊಸದನ್ನೇ ಹಾಕಬೇಕು. ಯಾಪ್ಯವನ್ನು ಸಾಧ್ಯವೆಂದು ಹೇಳಿ ಕೈತೊಳೆದುಕೊಳ್ಳುವದೇ ಈ ಕಸುಬಿನ ಮಹಾಪಾತಕವು.

ಈ ಪಾತಕವನ್ನು ತಡೆಯಲು ಕಂಬಾರನ ಕಿವಿಯ ಸ್ಥಾನದಲ್ಲಿ ಹೊಸ ಇಂದ್ರಿಯಗಳು ಬಂದಿವೆ. 1895ರಲ್ಲಿ ರಂಟ್‌ಗನ್ನನು ಕಂಡ ಕ್ಷ-ಕಿರಣಗಳು ಮನುಷ್ಯನ ಎಲುಬನ್ನು ತೋರಿಸಿದಂತೆ ಬೆಸುಗೆಯ ಒಳಗನ್ನೂ ತೋರಿಸುವವು. ಇರಿಡಿಯಂ ಎಂಬ ಧಾತುವಿನ ವಿಕಿರಣಗಳಿಂದಲೂ ಇದೇ ಕೆಲಸವನ್ನು ಮಾಡುವರು. ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಶಬ್ದವನ್ನು ಉಕ್ಕಿನೊಳಗೆ ಕಳಿಸಿ ಅದರ ಪ್ರತಿಧ್ವನಿಯಿಂದ ಬಿರುಕನ್ನು ಗುರುತಿಸುವ ಕ್ರಮವೂ ಇದೆ. ಇದು ಕಂಬಾರನ ನಾದಪರೀಕ್ಷೆಯ ಮರಿಮಗಳೇ ಸರಿ. 1975ರಲ್ಲಿ ತಿರುಚ್ಚಿರಾಪಳ್ಳಿಯಲ್ಲಿ ಬೆಸುಗೆಯ ಸಂಶೋಧನಾಲಯವು ಸ್ಥಾಪಿತವಾಯಿತು. ಬಾಯ್ಲರಿನ ಕೊಳವೆಗಳನ್ನು ಬೆಸೆಯುವವನು 1950ರ ನಿಬಂಧನೆಗಳ ಕಾಲದಿಂದಲೂ ಪರೀಕ್ಷೆ ಕೊಟ್ಟು ಪ್ರಮಾಣಪತ್ರವನ್ನು ಪಡೆಯಬೇಕಾಗಿದೆ. ಯಾವ ಬೆಸುಗೆಯನ್ನು ಯಾರು ಮಾಡಿದರೆಂಬದನ್ನು ಗುರುತಿನ ಅಂಕೆಯಿಂದ ಬರೆದಿಡುವ ಪದ್ಧತಿಯೂ ಬೆಳೆದಿದೆ. ಶಾಸನಗಳ ಕೊನೆಯಲ್ಲಿ ಬರೆದವನ ಹೆಸರನ್ನೂ ಕಂಡರಿಸಿದವನ ಹೆಸರನ್ನೂ ಕೆತ್ತುತ್ತಿದ್ದ ನಾಡಿಗೆ ಇದು ಅಪರಿಚಿತವಾದ ಸಂಪ್ರದಾಯವಲ್ಲ.

ಈ ಕೆಲಸಗಾರನು ತೆರುವ ಬೆಲೆಯನ್ನೂ ಮರೆಯಲಾಗದು. ವಿದ್ಯುಚ್ಚಾಪದ ಪ್ರಭೆಯು ಬರಿಗಣ್ಣಿಗೆ ತಾಕಿದರೆ ಇರುಳೆಲ್ಲ ಕಣ್ಣಿನಲ್ಲಿ ಮರಳು ಹೊಯ್ದಂತೆ ಉರಿಯುವದು. ಬೆಸುಗೆಯ ಹೊಗೆಯು ಅರ್ಬುದರೋಗಕ್ಕೆ ಕಾರಣವಾಗುವದೆಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅರ್ಬುದ ಸಂಶೋಧನಾ ಮಂಡಲಿಯು ನಿರ್ಣಯಿಸಿದೆ. ಗಾಳಿಯಾಡದ ಚಕ್ರದ ಹೊಟ್ಟೆಯಲ್ಲಿ, ಕಾಯಿಸಿದ ಉಕ್ಕಿನ ಮಗ್ಗುಲಲ್ಲಿ ಕುಳಿತು ಬೆಸೆಯುವವನಿಗೆ ಶುದ್ಧವಾದ ಗಾಳಿಯನ್ನೂ ಮರೆಯನ್ನೂ ವಿರಾಮವನ್ನೂ ಒದಗಿಸುವದು ಉಪಕಾರವಲ್ಲ, ದುರಸ್ತಿಯ ವೆಚ್ಚದ ಒಂದು ಭಾಗವೇ ಆಗಿದೆ. ದಣಿದ ಕೈಯಿಂದ ನೆಟ್ಟಗಿನ ಬೆಸುಗೆಯು ಬಾರದು.

ಶಾಸನಗಳ ಕಾಲದವರು ಖಂಡಸ್ಫುಟಿತಜೀರ್ಣೋದ್ಧಾರಕ್ಕೆ ಭೂಮಿಯನ್ನು ಬಿಟ್ಟರು. ಇಂದಿನ ವಿದ್ಯುದಾಗಾರಕ್ಕೆ ಬೇಕಾದ ದತ್ತಿಯಲ್ಲಿ ಹಣದಷ್ಟೇ ಮುಖ್ಯವಾದ ಇನ್ನೆರಡು ವಸ್ತುಗಳಿವೆ: ಬಲ್ಲ ಕೈಗಳು, ಮತ್ತು ಅವಸರವಿಲ್ಲದ ಕಾಲ. ಬಿರಿದದ್ದನ್ನು ಬಿರಿದಿದೆಯೆಂದು ಹೇಳಿದವನನ್ನು ದಂಡಿಸದ ಮೇಲಧಿಕಾರವಿದ್ದಲ್ಲಿ ಈ ಎರಡೂ ಉಳಿಯುವವು. ನಂದಗಡದ ಮನೆಗಳಲ್ಲಿ ಮುಸ್ಸಂಜೆಗೆ ದೀಪವು ಹತ್ತುವಾಗ ಎಲ್ಲಿಯೋ ಒಂದು ಚಕ್ರವು ತಿರುಗುತ್ತಿರುವದು. ಅದರ ಮೈಯಲ್ಲಿ ಯಾರೋ ಒಬ್ಬನು ಎಂದೋ ಕೂಡಿಸಿದ ಗೆರೆಯೊಂದು, ಮಸೆದು ಬಣ್ಣ ಬಳಿದ ಮೇಲೆ ಕಣ್ಣಿಗೆ ಕಾಣದೆ, ನೀರಿನ ಪೆಟ್ಟನ್ನು ತಾಳುತ್ತಿರುವದು.